ಕಪನೂರ ಲೈನಿನ ಮೇಲಿನ ಕಾಗೆ ಗೂಡು

ಕಂಬ ಹತ್ತಲು ಬರುವ ಹುಡುಗರಿಗೆ ಮೊದಲು ಕಲಿಸಬೇಕಾದದ್ದು ಇಳಿಯುವುದನ್ನು. ನಮಗೆ ಅದನ್ನು ಯಾರೂ ಕಲಿಸಲಿಲ್ಲ, ಈಗಿನವರಿಗೂ ಯಾರೂ ಕಲಿಸುತ್ತಿಲ್ಲ. ಹತ್ತಿದವನಿಗೆ ಭೇಷ್ ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಕೆಲಸ ಅರ್ಧಕ್ಕೆ ಬಿಟ್ಟು ಇಳಿದವನಿಗೆ ಬೈಗುಳ ಸಿಗುತ್ತದೆ. ನಾನು ಲೈನ್‌ಮನ್ ಆಗಿ ಸೇರಿ, ಮೇಸ್ತ್ರಿಯಾಗಿ ನಿವೃತ್ತಿಯಾದವನು. ನಡುವೆ ಸಿಕ್ಕ ಬಡ್ತಿ, ಹೊದಿಸಿದ ಶಾಲು, ಅದರ ಜೊತೆ ಹಾಕಿದ ಹಾರ, ಇವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಶಾಲನ್ನು ನಾನು ಸ್ಕೂಟರ್ ಒರೆಸಲು ಇಟ್ಟುಕೊಂಡಿದ್ದೇನೆ.

ನಮ್ಮ ಓಣಿಯ ಲೈನು ನೋಡಿಕೊಳ್ಳುವ ಅನಿಲ ಎಂಬ ಹೊಸ ಹುಡುಗ ಒಮ್ಮೆ ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತ, ನಿಮ್ಮ ಕಾಲದಲ್ಲಿ ಈ ಕೆಲಸ ಚೆನ್ನಾಗಿತ್ತೇ ಎಂದು ಕೇಳಿದ್ದ. ಗುತ್ತಿಗೆಯ ನೌಕರ, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಆವತ್ತು ನಕ್ಕುಬಿಟ್ಟೆ. ಈಗ ಉತ್ತರ ಕೊಡುತ್ತಿದ್ದೇನೆ. ಈ ಉತ್ತರದಲ್ಲಿ ಒಂದು ಕಾಗೆ ಗೂಡು ಬರುತ್ತದೆ, ನನ್ನ ಐದು ವರ್ಷದ ಮೊಮ್ಮಗಳು ಸುಜಾತಾ ಬರುತ್ತಾಳೆ. ಆ ಗೂಡಿನ ವಿಷಯದಲ್ಲಿ ಅವಳು ನನ್ನ ಮೇಲೆ ಇಟ್ಟಿದ್ದ ನಂಬಿಕೆ ಹೋಯಿತು. ಸಂಬಳ, ಪಿಂಚಣಿ, ಆರೋಗ್ಯ ಯಾವುದು ಹೋದರೂ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ನಾನು ಕೆಲಸ ಕಲಿತದ್ದು ಕಮಲಾಪುರದಲ್ಲಿ. ಸೇರಿದ ದಿನ ಸೆಕ್ಷನ್ ಆಫೀಸಿನ ಸಾಹೇಬರು ನನ್ನ ಹೆಸರು ಕೇಳುವ ಮೊದಲು ಊರಲ್ಲಿ ಯಾವ ಓಣಿ ಎಂದು ಕೇಳಿದರು. ಹೇಳಿದೆ. ಆಮೇಲೆ ಹೆಸರು ಕೇಳುವ ಗೋಜಿಗೆ ಹೋಗಲಿಲ್ಲ. ಕುಡಿಯುವ ನೀರಿನ ಕೊಡದ ಹತ್ತಿರ ಹೋದಾಗ ಯಾರಾದರೂ ಎದ್ದು ಬಂದು ಮೇಲಿನಿಂದ ಹೊಯ್ಯುತ್ತಿದ್ದರು. ಕಂಬದ ಮೇಲೆ ಹೋದ ಮೇಲೆ ಮಾತ್ರ ನನ್ನ ಓಣಿ ಯಾವುದು ಎಂದು ಯಾರೂ ಕೇಳುತ್ತಿರಲಿಲ್ಲ. ಅವರಿಗೆ ಕರೆಂಟು ಬಂದರೆ ಸಾಕಾಗಿತ್ತು.

ಹಾಗಾಗಿ ನನಗೆ ಕಂಬದ ಮೇಲೇ ಹಿತವಾಗಿರುತ್ತಿತ್ತು. ಕೆಂಪು ಮಣ್ಣಿನ ಗುಡ್ಡ, ಅದರ ಕೆಳಗೆ ಕೆಂಬಾಳೆಯ ತೋಟ, ಆಚೆ ತೊಗರಿ ಹೊಲ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತಿದ್ದವು. ತೊಗರಿಯ ಸಾಲಿನಲ್ಲಿ ಚಿಗರಿಯ ಹಿಂಡು ಕೊರಳೆತ್ತಿ ನಿಲ್ಲುವುದು ಕಾಣುತ್ತಿತ್ತು. ಪಕ್ಕದ ಕಂಬದ ತಂತಿಯ ಮೇಲೆ ನೀಲಕಂಠ ಕೂತಿರುತ್ತಿತ್ತು. ಕೂತಾಗ ಅದು ಮಣ್ಣಿನ ಬಣ್ಣದ ಬಡಪಾಯಿ ಹಕ್ಕಿ, ಹಾರಿದಾಗ ಮಾತ್ರ ರೆಕ್ಕೆಯೊಳಗಿನ ನೀಲಿ ಕಾಣುತ್ತದೆ. ಕೆಳಗಿನಿಂದ ನೋಡುವವರಿಗೆ ಅದು ಅರ್ಧ ಸಿಗುತ್ತದೆ, ಕಂಬದ ಮೇಲಿದ್ದವನಿಗೆ ಪೂರ್ತಿ. ನನ್ನ ನೌಕರಿಯಲ್ಲಿ ಯಾರೂ ಕಿತ್ತುಕೊಳ್ಳಲಾಗದೆ ಇದ್ದದ್ದು ಇದೊಂದೇ.

ಸಾಹೇಬರುಗಳ ಕಥೆ ಹೇಳಲು ಹೋದರೆ ಮುಗಿಯುವುದಿಲ್ಲ, ಒಂದು ಸಾಕು. ಒಂದು ಮಳೆಗಾಲ ಬಾಳೆ ತೋಟದ ಹತ್ತಿರ ಟ್ರಾನ್ಸ್‌ಫಾರ್ಮರಿನ ಮೇಲೆ ಗಂಡು ನವಿಲು ಬಿದ್ದು ಸತ್ತಿತ್ತು. ಊರಿಗೆಲ್ಲ ಕತ್ತಲೆ, ಪಂಪುಗಳು ನಿಂತಿದ್ದವು, ರೈತರು ಸೆಕ್ಷನ್ ಮುಂದೆ ಬಂದು ಕೂತಿದ್ದರು. ಸಾಹೇಬರು ಜೀಪಿನಿಂದ ಇಳಿದವರು ಮೊದಲು ಕೇಳಿದ್ದು ಗರಿ ಸುಟ್ಟಿದೆಯೋ ಇಲ್ಲವೋ ಎಂದು. ಅವರ ಮಗಳು ಶಾಲೆಯ ಕುಣಿತಕ್ಕೆ ನವಿಲುಗರಿ ಬೇಕು ಅಂದಿದ್ದಳಂತೆ. ನಾವು ಸುಟ್ಟ ವಾಸನೆಯ ಆ ಹಕ್ಕಿಯ ಬಾಲದಿಂದ ಗರಿ ಆರಿಸಿ, ಹಗ್ಗ ಕಟ್ಟಿ ಜೀಪಿನಲ್ಲಿ ಇಟ್ಟೆವು. ಮರುದಿನ ಅರಣ್ಯದವರು ಬಂದು ಗರಿ ಎಲ್ಲಿ ಎಂದು ನಮ್ಮನ್ನೇ ಗದರಿಸಿದರು. ಸಾಹೇಬರು ತಮಗೇನೂ ಗೊತ್ತಿಲ್ಲ ಎಂದು ಕೈ ತೊಳೆದುಕೊಂಡರು.

ಕಮಲಾಪುರದಲ್ಲಿ ನನಗೆ ಕೆಲಸ ಕಲಿಸಿದವನು ಮಕ್ಬೂಲ್. ನಗರದ ರೋಜಾ ಬಡಾವಣೆಯ ಕಡೆಯವನು, ನನಗಿಂತ ಹಿರಿಯ. ನನ್ನ ಹೆಸರು ಕೇಳಿದ ಮೊದಲ ಮನುಷ್ಯ ಅವನೇ. ತನ್ನ ಊಟದ ಡಬ್ಬಿಯ ಮುಚ್ಚಳದಲ್ಲಿ ನನಗೆ ಹಾಕಿಕೊಟ್ಟು, ನನ್ನ ಬುತ್ತಿಯ ಚಟ್ನಿ ಎತ್ತಿಕೊಳ್ಳುತ್ತಿದ್ದ. ಕೆಲಸದಲ್ಲಿ ಮಾತ್ರ ಗಡಸು. ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಹೇಳಿ ಲೈನು ಬಂದ್ ಮಾಡಿಸಬೇಕು, ಅದಕ್ಕೆ ನಾವು ಲೈನ್ ಕ್ಲಿಯರ್ ಅನ್ನುತ್ತೇವೆ. ಅವನಿಗೆ ಅಷ್ಟು ಸಾಲದು. ಬಂದ್ ಆಗಿದೆ ಎಂದು ದೇವರೇ ಬಂದು ಹೇಳಿದರೂ, ಒಂದು ತುದಿಯನ್ನು ಭೂಮಿಗೆ ಹೂಳಿದ ಕಬ್ಬಿಣದ ಸರಪಳಿಯನ್ನು ಆ ತಂತಿಗೆ ಎಸೆದು ನೋಡಬೇಕು. ಜೀವ ಇದ್ದರೆ ಕಿಡಿ ಹಾರುತ್ತದೆ. ಆಮೇಲೆ ಯಾರಾದರೂ ತಪ್ಪಿ ಕರೆಂಟು ಬಿಟ್ಟರೂ ಅದು ಸರಪಳಿ ಹಿಡಿದು ಮಣ್ಣಿಗೆ ಹೋಗುತ್ತದೆ, ಮನುಷ್ಯನ ಮೈಗೆ ಬರುವುದಿಲ್ಲ.

“ಪೈಲೆ ಸರಪಳಿ ಹಾಕು ಭಾಯಿ,” ಅನ್ನುತ್ತಿದ್ದ. “ಕರೆಂಟಿಗಿ ಯಾರ ಗುರ್ತೂ ಇರಂಗಿಲ್ಲ.”

ಅವನಿಗೆ ಹಕ್ಕಿಯ ಹುಚ್ಚು. ನಾವು ತಂತಿ ಬಿಗಿದು ಉಳಿದ ತುಂಡುಗಳನ್ನು ಕಂಬದ ಬುಡದಲ್ಲೇ ಬಿಟ್ಟು ಬರುತ್ತಿದ್ದೆವು. ಎಲ್ಲ ಲೈನ್‌ಮನ್‌ಗಳೂ ಹಾಗೆಯೇ. ಬೇಸಿಗೆಯಲ್ಲಿ ಕಾಗೆಗಳು ಅವನ್ನೇ ಹೆಕ್ಕಿಕೊಂಡು ಹೋಗಿ ಅದೇ ಕಂಬದ ಮೇಲೆ ಗೂಡು ಕಟ್ಟುತ್ತವೆ. ಒಣಗಿದ್ದಾಗ ಚಿಂತೆಯಿಲ್ಲ. ಮೊದಲ ಮಳೆಗೆ ಗೂಡು ನೆನೆದು ಜಾರಿ ತಂತಿಗೆ ತಾಗಿದರೆ ಢಮ್ ಎಂದು ಊರೆಲ್ಲ ಕತ್ತಲೆ. ಅದಕ್ಕೇ ಮಳೆಗಾಲದ ಮೊದಲು ಗೂಡು ಕೀಳುವುದು ಒಂದು ಕೆಲಸ. ಬೇರೆಯವರು ಕಿತ್ತು ಎಸೆಯುತ್ತಿದ್ದರು. ಮಕ್ಬೂಲ್ ಮಾತ್ರ ಮರಿ ಇದ್ದ ಗೂಡನ್ನು ಬಿದಿರು ಬುಟ್ಟಿಯೊಳಗೆ ಇಳಿಸಿ, ಹತ್ತಿರದ ಮರದಲ್ಲಿ ಅಷ್ಟೇ ಎತ್ತರಕ್ಕೆ ಕಟ್ಟುತ್ತಿದ್ದ. ಕಾಗೆಗಳು ಅವನ ತಲೆ ಕುಕ್ಕುತ್ತಿದ್ದವು, ಅವನು ಅವುಗಳಿಗೆ ಉರ್ದುವಿನಲ್ಲಿ ಬೈಯುತ್ತಿದ್ದ. ಸಾಮಾನ್ಯವಾಗಿ ಸಂಜೆಯೊಳಗೆ ತಾಯಿ ಬುಟ್ಟಿಗೆ ಬಂದು ಮರಿಗೆ ಗುಟುಕು ಕೊಡುತ್ತಿತ್ತು.

ಅವನು ಸತ್ತದ್ದು ಅಂಥದೇ ಒಂದು ದಿನ. ಒಂದೇ ಲೈನಿನ ಮೇಲೆ ಎರಡು ಕಡೆ ಎರಡು ತಂಡ ಕೆಲಸಕ್ಕೆ ಹೋಗಿದ್ದೆವು. ಎರಡು ಸಲ ಲೈನ್ ಕ್ಲಿಯರ್ ಕೇಳಿದರೆ ತಡವಾಗುತ್ತದೆ ಎಂದು ಸಾಹೇಬರು ಆ ಕಡೆಯ ತಂಡದವನ ಒಂದೇ ಹೆಸರಿನಲ್ಲಿ ಕೇಳಿದ್ದರು. ಸೆಕ್ಷನ್ನಿಗೆಲ್ಲ ಇದ್ದ ಒಂದೇ ಸರಪಳಿ ಆ ಕಡೆಯ ತಂಡದ ಹತ್ತಿರ ಇತ್ತು. ಮಕ್ಬೂಲ್ ಬೇಡ ಅಂದ. ಊರಲ್ಲಿ ಮಂತ್ರಿಗಳ ಕಾರ್ಯಕ್ರಮ ಇದೆ, ಬೇಗ ಮುಗಿಸಿ ಎಂದು ಸಾಹೇಬರು ಗದರಿದರು. ಅವನು ಹತ್ತಿ, ಮೊದಲು ಗೂಡು ಇಳಿಸಿ ಹುಣಸೆ ಮರಕ್ಕೆ ಕಟ್ಟಿ, ತಿರುಗಿ ಕಂಬ ಹತ್ತಿ ತಂತಿ ಬಿಗಿಯುತ್ತಿದ್ದ. ಆ ಕಡೆಯ ತಂಡ ಕೆಲಸ ಮುಗಿಸಿ ಲೈನ್ ವಾಪಸ್ ಅಂದಿತು. ಸಬ್‌ಸ್ಟೇಷನ್ನಿನವನು ಎಲ್ಲರೂ ಇಳಿದರು ಎಂದು ತಿಳಿದು ಕರೆಂಟು ಬಿಟ್ಟ. ನಾನು ಕೆಳಗೆ ಹಗ್ಗ ಹಿಡಿದು ನಿಂತಿದ್ದೆ. ಮುಂದಿನದನ್ನು ಬರೆಯಲು ನನ್ನಿಂದ ಆಗುವುದಿಲ್ಲ.

ವಿಚಾರಣೆ ಆಯಿತು. ತಿಪ್ಪೆ ಸಾರಿಸುವುದನ್ನು ನಮ್ಮ ಇಲಾಖೆಯಿಂದ ಕಲಿಯಬೇಕು. ಒಂದೇ ಸರಪಳಿಯ ಮಾತು ಬರಲಿಲ್ಲ, ಒಂದೇ ಹೆಸರಿನ ಮಾತು ಬರಲಿಲ್ಲ. ಮೃತನಿಗೆ ಹಕ್ಕಿ ಗೂಡಿನ ಚಾಳಿ ಇತ್ತು, ಅದಕ್ಕಾಗಿ ಅಪ್ಪಣೆಯಿಲ್ಲದೆ ಹತ್ತಿದ್ದ ಎಂದು ತೀರ್ಮಾನವಾಯಿತು. ಆಮೇಲೆ ಹೊಸಬರಿಗೆಲ್ಲ ಅದನ್ನೇ ಹೇಳಿಕೊಟ್ಟರು, ನೋಡ್ರಪ್ಪಾ, ಹಕ್ಕಿ ಹುಚ್ಚಿಗೆ ಒಬ್ಬ ಸತ್ತ ಎಂದು. ಅವನ ಹೆಂಡತಿ ಉರುಸಿನ ಸಮಯದಲ್ಲಿ ದರ್ಗಾದ ಹತ್ತಿರ ಬಳೆ ಇಟ್ಟುಕೊಂಡು ಕೂರುತ್ತಿದ್ದಳು. ಒಮ್ಮೆ ನನ್ನನ್ನು ನೋಡಿ, “ಭಾಯಿ, ಖರೇನೇ ಕಾಗಿ ಸಲುವಾಗಿ ಸತ್ತಾನೇನು?” ಎಂದು ಕೇಳಿದಳು. ಅಲ್ಲ ತಂಗಿ ಅಂದೆ. ಅವಳು ನಂಬಿದಳೋ ಇಲ್ಲವೋ ಗೊತ್ತಿಲ್ಲ.

ನಿವೃತ್ತಿಯಾದ ಮೇಲೆ ನಾವು ನಗರದ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಮಾಳಿಗೆಯಿರುವ ಒಂದು ಬಾಡಿಗೆ ಮನೆಗೆ ಬಂದೆವು. ಮಗ ಕಪನೂರದಲ್ಲಿ ಬೇಳೆ ಮಿಲ್ಲಿನ ಯಂತ್ರ ನೋಡಿಕೊಳ್ಳುತ್ತಾನೆ, ಸೊಸೆ ಸವಿತಾ ಆಸ್ಪತ್ರೆಯಲ್ಲಿ ನರ್ಸ್. ಹಗಲೆಲ್ಲ ಸುಜಾತಾ ನನ್ನ ಪಾಲಿಗೆ. ಮಗುವನ್ನು ಹೇಗೆ ಆಡಿಸಬೇಕು ಎಂದು ನನಗೆ ಗೊತ್ತಿರಲಿಲ್ಲ. ನನ್ನ ಮಗ ಅಷ್ಟು ಸಣ್ಣವನಿದ್ದಾಗ ನಾನು ಯಾವುದೋ ಕಂಬದ ಮೇಲೆ ಇರುತ್ತಿದ್ದೆ. ಹಾಗಾಗಿ ನನಗೆ ಗೊತ್ತಿದ್ದದ್ದನ್ನೇ ತೋರಿಸಿದೆ. ಬಿಸಿಲೇರುವ ಮೊದಲು ಅವಳ ಕೈ ಹಿಡಿದು ಓಣಿ ಓಣಿ ಸುತ್ತಿ, ತಂತಿಯ ಮೇಲಿದ್ದವರ ಪರಿಚಯ ಮಾಡಿಕೊಟ್ಟೆ. ಬಾಲ ಸೀಳಿದ ಕರಿ ಹಕ್ಕಿ ಕಾಜಾಣ, ಅದು ಹದ್ದಿನ ಬೆನ್ನು ಹತ್ತುವಷ್ಟು ಜಗಳಗಂಟಿ. ಬೇವಿನ ಪೊಟರೆಯಿಂದ ಇಣುಕುವ ಎರಡು ದುಂಡು ಕಣ್ಣು ಸಣ್ಣ ಗೂಬೆಯವು. ಎದುರು ಮನೆಯ ಅಜ್ಜಿ ಗೂಬೆ ನೋಡಬಾರದು, ಮನೆಗೆ ಕೇಡು ಅಂದಳು. ಸುಜಾತಾ ಗೂಬೆಯ ಹಾಗೆಯೇ ಕತ್ತು ತಿರುಗಿಸಿ ಅಜ್ಜಿಯನ್ನು ನೋಡಿದಳು. ನಾನು ಅಷ್ಟು ನಕ್ಕದ್ದು ಬಹಳ ವರ್ಷಗಳ ಮೇಲೆ.

ಅವಳ ಪ್ರಶ್ನೆಗಳಿಗೆ ಸಾಹೇಬರ ಪ್ರಶ್ನೆಗಳಿಗಿಂತ ಮರ್ಯಾದೆ ಇತ್ತು, ಉತ್ತರ ಬೇಕೆಂದೇ ಕೇಳುತ್ತಿದ್ದಳು. ತಂತಿಯಲ್ಲಿ ಕರೆಂಟು ಇದ್ದರೂ ಹಕ್ಕಿ ಯಾಕೆ ಸಾಯುವುದಿಲ್ಲ ಎಂದು ಕೇಳಿದಾಗ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವ ಎರಡು ಹಗ್ಗ ತೋರಿಸಿದೆ. ಒಂದೇ ಹಗ್ಗ ಹಿಡಿದರೆ ಹಕ್ಕಿಗೆ ಏನೂ ಆಗುವುದಿಲ್ಲ, ಒಂದೇ ಸಲಕ್ಕೆ ಎರಡನ್ನೂ ಮುಟ್ಟಿದರೆ ಸತ್ತಿತು. ಗುಬ್ಬಿ ಸಣ್ಣದು, ಎರಡನೆಯದು ಎಟುಕುವುದಿಲ್ಲ. ನವಿಲು, ಬಾವಲಿ ರೆಕ್ಕೆ ಬಿಚ್ಚಿದರೆ ಎಟುಕುತ್ತದೆ. ಆವತ್ತಿನಿಂದ ಅದೇ ಅವಳ ಆಟವಾಯಿತು. ಒಂದು ಹಗ್ಗ ಹಿಡಿದು ಜೋತಾಡುವುದು, ನಾನು ಎರಡನೆಯದನ್ನು ಹತ್ತಿರ ತಂದರೆ ಕಿರುಚಿ ಓಡುವುದು.

ಬೇಸಿಗೆ ರಜೆಯಲ್ಲಿ ಮನೆಯ ಎದುರಿನ ಕಂಬದ ಮೇಲೆ ಕಾಗೆ ಗೂಡು ಕಟ್ಟಿತು. ನಮ್ಮ ಮಾಳಿಗೆಯಿಂದ ಗೂಡಿನ ಒಳಗೇ ಕಾಣುತ್ತಿತ್ತು. ಹುಲ್ಲಿಗಿಂತ ತಂತಿಯೇ ಹೆಚ್ಚು, ಯಾವನೋ ಲೈನ್‌ಮನ್ ಬಿಟ್ಟುಹೋದ ತುಂಡುಗಳು. ಮರಿಗಳು ಮೂರು. ಅದರಲ್ಲಿ ಒಂದರ ಮೈ ಚುಕ್ಕೆ ಚುಕ್ಕೆ. ಕೋಗಿಲೆ ತನ್ನ ಮೊಟ್ಟೆಯನ್ನು ಕಾಗೆಯ ಗೂಡಿನಲ್ಲಿ ಇಟ್ಟು ಹೋಗುತ್ತದೆ, ಕಾಗೆ ತನ್ನದೆಂದೇ ಸಾಕುತ್ತದೆ ಎಂದು ಹೇಳಿದೆ. ಸುಜಾತಾ ಆ ಮರಿಯನ್ನೇ ನೋಡುತ್ತ, “ಅದರ ಅವ್ವನೂ ಡ್ಯೂಟಿಗಿ ಹೋಗ್ಯಾಳ” ಅಂದಳು. ಅವತ್ತಿನಿಂದ ಚುಕ್ಕೆ ಮರಿ ಅವಳದಾಯಿತು. ಕಾಗೆ ಅದಕ್ಕೆ ಮೊದಲು ಗುಟುಕು ಕೊಟ್ಟರೆ ಇವಳು ಚಪ್ಪಾಳೆ ತಟ್ಟುತ್ತಿದ್ದಳು, ತಡ ಮಾಡಿದರೆ ಕಾಗೆಗೆ ಬೈಯುತ್ತಿದ್ದಳು. ಬೆಳಿಗ್ಗೆ ಎದ್ದವಳು ಹಲ್ಲು ಉಜ್ಜದೆ ಮಾಳಿಗೆಗೆ ಓಡುತ್ತಿದ್ದಳು.

ಮಳೆಗಾಲದ ಮೊದಲು ಆ ಗೂಡು ಕೀಳುತ್ತಾರೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳಿಗೆ ಮಕ್ಬೂಲನ ಬುಟ್ಟಿಯ ಕಥೆ ಹೇಳಿದೆ. ಅವನು ಸತ್ತದ್ದನ್ನು ಹೇಳಲಿಲ್ಲ. ಈ ಗೂಡನ್ನೂ ಹಾಗೇ ಎದುರಿನ ಬೇವಿನ ಮರಕ್ಕೆ ಕಟ್ಟಿಸುತ್ತೇನೆ ಎಂದು ಮಾತು ಕೊಟ್ಟೆ. ಇಬ್ಬರೂ ಹೋಗಿ ಬಿದಿರು ಬುಟ್ಟಿ ಕೊಂಡು ತಂದೆವು. ಅದರ ತಳಕ್ಕೆ ಅವಳು ತನ್ನ ಹಳೆಯ ಫ್ರಾಕು ಹಾಸಿದಳು.

ಆ ಕಂಬದ ಮೇಲೆ ಎರಡು ಲೈನುಗಳಿವೆ. ಕೆಳಗಿನದು ನಮ್ಮ ಓಣಿಯ ಮನೆಗಳಿಗೆ. ಮೇಲಿನದು ಹೈಟೆನ್ಷನ್, ಎಲ್ಲಿಯೂ ನಿಲ್ಲದೆ ಕಪನೂರದ ಕಾರ್ಖಾನೆಗಳಿಗೆ ಹೋಗುತ್ತದೆ. ಗೂಡು ಇದ್ದದ್ದು ಮೇಲಿನ ಲೈನಿನ ಅಡ್ಡಪಟ್ಟಿಯ ಮೇಲೆ. ಸೆಕ್ಷನ್ ಆಫೀಸಿಗೆ ಹೋಗಿ ಹೊಸ ಸಾಹೇಬರಿಗೆ ವಿನಂತಿ ಮಾಡಿದೆ. ಮೇಲಿನ ಲೈನನ್ನು ಸ್ವಲ್ಪ ಹೊತ್ತು ಬಂದ್ ಮಾಡಿಸಿ, ಗೂಡು ಸರಿಸಲು ನಾನೇ ಕೆಳಗೆ ನಿಂತು ತೋರಿಸುತ್ತೇನೆ ಎಂದೆ. ಅವರು ಮೊಬೈಲು ನೋಡುತ್ತಲೇ, “ಕಾಗಿ ಗೂಡಿನ ಸಲುವಾಗಿ ಕಪನೂರ ಲೈನ್ ಬಂದ್ ಮಾಡಿದ್ರ ಫ್ಯಾಕ್ಟರಿ ಮಂದಿ ನನಗ ಬಿಡ್ತಾರೇನ್ರಿ?” ಅಂದರು. ನೋಡೋಣ ಎಂಬ ಒಂದು ಮಾತೂ ಸೇರಿಸಿದರು. ಆ ಮಾತಿನ ಅರ್ಥ ನನಗೆ ಗೊತ್ತು, ಆದರೂ ಮನೆಗೆ ಬಂದು ಮೊಮ್ಮಗಳಿಗೆ ಸಾಹೇಬರು ಒಪ್ಪಿದ್ದಾರೆ ಅಂದೆ.

ಒಂದು ಬೆಳಿಗ್ಗೆ ಫ್ಯಾನು ನಿಂತಿತು. ಹೊರಗೆ ಬಂದರೆ ಗುತ್ತಿಗೆದಾರನ ಗಾಡಿ, ಒಬ್ಬ ಸೂಪರ್‌ವೈಸರ್, ಜೊತೆಗೆ ಅನಿಲ. ಈಗಿನ ಪದ್ಧತಿ ಹೇಗೆಂದರೆ ಗೂಡು ಕಿತ್ತ ಮೇಲೆ ಖಾಲಿ ಕಂಬದ ಫೋಟೋ ತೆಗೆದು ಮೊಬೈಲಿನಲ್ಲಿ ಹಾಕಬೇಕು. ಮಧ್ಯಾಹ್ನದೊಳಗೆ ಇಡೀ ಬಡಾವಣೆಯ ಫೋಟೋ ಬೇಕಂತೆ. ಸುಜಾತಾ ಬುಟ್ಟಿ ಎತ್ತಿಕೊಂಡು ಓಡಿ ಬಂದು ಅನಿಲನ ಕೈಗೆ ಕೊಟ್ಟಳು. ಅವನಿಗೂ ಖುಷಿ. ಆಯ್ತು ಪುಟ್ಟಿ, ನಿನ್ನ ಮರಿಗಳನ್ನು ಮರಕ್ಕೆ ಹಾಕಿಕೊಡುತ್ತೇನೆ ಎಂದು ಬುಟ್ಟಿಯನ್ನು ಹೆಗಲಿಗೆ ಕಟ್ಟಿಕೊಂಡ. ನಾನೂ ಒಂದು ಗಳಿಗೆ ಖುಷಿಪಟ್ಟೆ. ಸಾಹೇಬರು ನನ್ನ ಮಾತು ಉಳಿಸಿದರು ಅಂದುಕೊಂಡೆ.

ಅಭ್ಯಾಸಬಲದಿಂದ ಮೇಲಿನ ಲೈನು ಯಾರ ಹೆಸರಿನಲ್ಲಿ ಬಂದ್ ಆಗಿದೆ ಎಂದು ಸೂಪರ್‌ವೈಸರನನ್ನು ಕೇಳಿದೆ. ಎಲ್ಲ ಬಂದ್ ಇದೆ ಅಂದ. ಯಾರ ಹೆಸರಿನಲ್ಲಿ ಎಂದು ಮತ್ತೆ ಕೇಳಿದೆ. “ನಿಮ್ಮ ಮನಿ ಫ್ಯಾನ್ ತಿರಗಾಕತ್ತದೇನ್ರಿ? ಇಲ್ಲಲ್ಲ?” ಅಂದ. ಫ್ಯಾನು ನಿಂತದ್ದು ಕೆಳಗಿನ ಲೈನಿನಿಂದ. ಅದಕ್ಕೂ ಮೇಲಿನ ತಂತಿಗೂ ಸಂಬಂಧವಿಲ್ಲ. ಸರಪಳಿ ಎಲ್ಲಿ ಅಂದೆ. ಗಾಡಿಯಲ್ಲಿ ಸರಪಳಿ ಇರಲಿಲ್ಲ. ಅಷ್ಟರಲ್ಲಿ ಅನಿಲ ಕಂಬ ಹಿಡಿದು ಹತ್ತಲು ಶುರು ಮಾಡಿದ್ದ, ಕೈಗೆ ಗವಸೂ ಇರಲಿಲ್ಲ.

ನಾನು ಕಪನೂರದಲ್ಲಿದ್ದ ಮಗನಿಗೆ ಫೋನು ಹಚ್ಚಿದೆ. ಅವನು ಎತ್ತುತ್ತಲೇ ಹಿಂದಿನಿಂದ ಯಂತ್ರದ ಗಡಗಡ ಕೇಳಿಸಿತು. ಕರೆಂಟು ಇದೆಯಾ ಎಂದೆ.

“ಅದ ಅಪ್ಪಾ, ಮಿಲ್ ನಡ್ದದ. ಯಾಕ?”

ಫೋನನ್ನು ಹಾಗೇ ಸೂಪರ್‌ವೈಸರನ ಕಿವಿಗೆ ಹಿಡಿದೆ. ಅವನು ಮುಖ ಹಿಂದಕ್ಕೆ ಎಳೆದುಕೊಂಡ. ಕಪನೂರಕ್ಕೆ ಬೇರೆ ಲೈನೂ ಇವೆ, ನಿಮಗೆ ವಯಸ್ಸಾಗಿದೆ, ಒಳಗೆ ಹೋಗಿ ಅಂದ. ಅನಿಲ ಆಗಲೇ ಕೆಳಗಿನ ಲೈನಿನ ತನಕ ಹೋಗಿ, ಒಂದು ಕಾಲು ಅದರ ಅಡ್ಡಪಟ್ಟಿಯ ಮೇಲೆ ಇಟ್ಟಿದ್ದ. ಎರಡು ಕಾಗೆಗಳು ಅವನ ತಲೆಯ ಸುತ್ತ ಕೂಗುತ್ತಿದ್ದವು. ಕೆಳಗೆ ಸುಜಾತಾ ಎರಡೂ ಕೈ ಎತ್ತಿ ಕುಣಿಯುತ್ತಿದ್ದಳು. ಅವನು ಇನ್ನು ಕೈ ಚಾಚಿದರೆ ಗೂಡು ಸಿಗುತ್ತಿತ್ತು.

“ಅನಿಲಾ, ಇಳಿ,” ಅಂದೆ.

ಅವನು ಕೆಳಗೆ ನೋಡಿದ. “ಎರಡು ನಿಮಿಷದ ಕೆಲಸ ಅದ ಕಾಕಾ. ಕೂಸಿಗಿ ಮಾತು ಕೊಟ್ಟೀನಿ.”

“ಇಳಿ ಅಂದ್ರ ಇಳಿ. ನಿನ್ನ ಹೆಂಡತಿ ಮುಂದ ಹೋಗಿ ನಾ ನಿಲ್ಲಲ್ಲ.”

ಆ ದನಿ ನನ್ನದೆಂದು ನನಗೇ ಅನ್ನಿಸಲಿಲ್ಲ. ಅದನ್ನು ನಾನು ಕಮಲಾಪುರದಲ್ಲಿ, ಹಗ್ಗ ಹಿಡಿದು ನಿಂತ ದಿನ ತೆಗೆಯಬೇಕಾಗಿತ್ತು, ಆಗ ತೆಗೆಯಲು ಹೊತ್ತೇ ಸಿಗಲಿಲ್ಲ. ಅನಿಲ ಮುಖ ಗಂಟಿಕ್ಕಿಕೊಂಡು ಇಳಿದು ಬಂದ. ಖಾಲಿ ಬುಟ್ಟಿಯನ್ನು ನನ್ನ ಕಾಲ ಹತ್ತಿರ ಇಟ್ಟ. ಸುಜಾತಾ ಕುಣಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

ಸೂಪರ್‌ವೈಸರನಿಗೆ ತಲೆ ಕೆಟ್ಟಿತ್ತು. ಇಷ್ಟಕ್ಕೆ ಇಷ್ಟು ರಂಪ ಯಾಕೆ ಎಂದು ಗಾಡಿಯಿಂದ ಉದ್ದನೆಯ ಬಿದಿರು ಗಳ ಎಳೆದುಕೊಂಡ. ತಡಿ ತಡಿ ಎಂದು ನಾನು ಅವನ ಕಡೆ ಹೋಗುವಷ್ಟರಲ್ಲಿ ಕೆಳಗಿನಿಂದಲೇ ಗೂಡಿಗೆ ಚುಚ್ಚಿದ. ಗೂಡು ವಾಲಿ, ಅದರ ತಂತಿಗಳು ಮೇಲಿನ ಲೈನಿಗೆ ತಾಗಿದವು. ಕಣ್ಣು ಕತ್ತಲಾಗುವ ಬೆಳಕು, ಓಣಿಯ ಕಿಟಕಿಗಳೆಲ್ಲ ನಡುಗುವಂಥ ಸದ್ದು. ಬಿದಿರು ಒಣಗಿತ್ತು, ಅದೊಂದೇ ಪುಣ್ಯ. ಗಳ ಎಲ್ಲೋ ಹಾರಿತು, ಸೂಪರ್‌ವೈಸರ್ ಚರಂಡಿಯ ಪಕ್ಕ ಕುಂಡಿಯ ಮೇಲೆ ಕೂತಿದ್ದ. ಉರಿಯುವ ಗೂಡು ರಸ್ತೆಯ ನಡುವೆ ಬಿತ್ತು. ಮರಿಗಳು ಅದರೊಳಗೇ ಇದ್ದವು.

ಬಂದ್ ಆಗಿದೆ ಅಂದಿದ್ದ ಲೈನಿನಲ್ಲಿ ಜೀವ ಇತ್ತು ಎಂಬುದಕ್ಕೆ ಇನ್ನು ಯಾವ ವಿಚಾರಣೆಯೂ ಬೇಕಿರಲಿಲ್ಲ. ಅನಿಲ ನಮ್ಮ ಕಟ್ಟೆಯ ಮೇಲೆ ಕೂತು ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತಿದ್ದ. ಸೂಪರ್‌ವೈಸರ್ ಎದ್ದು ಪ್ಯಾಂಟು ಕೊಡವಿಕೊಂಡು, ಮನೆ ಮುಂದೆ ಗೂಡು ಬೆಳೆಯಲು ಬಿಟ್ಟರೆ ಹೀಗೇ ಆಗುವುದು ಎಂದು ನನಗೇ ಬುದ್ಧಿ ಹೇಳಿದ. ಆಮೇಲೆ ಮೊಬೈಲು ತೆಗೆದು ಖಾಲಿ ಕಂಬದ ಫೋಟೋ ಹೊಡೆದುಕೊಂಡ. ನಾನು ಆ ಮನುಷ್ಯನಿಗೆ ಹೊಡೆಯಬೇಕಿತ್ತು. ಸದ್ದಾದ ಕೂಡಲೇ ಓಡಿಹೋಗಿ ಮಗುವಿನ ಕೈ ಹಿಡಿದುಕೊಂಡಿದ್ದೆ, ಹೊಡೆಯಲಿಲ್ಲ.

ಸುಜಾತಾ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ನನ್ನ ಕೈ ಬಿಡಿಸಿಕೊಂಡು, ಕಟ್ಟೆಯ ಮೇಲಿದ್ದ ಅನಿಲನನ್ನೂ ನನ್ನನ್ನೂ ನೋಡಿ ಹೇಳಿದಳು. “ಮುತ್ಯಾ, ಆ ಅಣ್ಣ ಹತ್ತಿದ್ದ. ನೀನೇ ಇಳಿ ಅಂದಿ.”

ಹೌದು, ನಾನೇ ಅಂದೆ. ಆ ಅಣ್ಣ ಗೂಡಿಗೆ ಕೈ ಹಾಕಿದ್ದರೆ ಅವನೂ ಉರಿಯುತ್ತಿದ್ದ ಎಂದು ಐದು ವರ್ಷದ ಮಗುವಿಗೆ ಹೇಳುವುದು ಹೇಗೆ? ರಾತ್ರಿ ಸೊಸೆ ಹೇಳಿ ನೋಡಿದಳು. ಮುತ್ಯಾ ಆ ಅಣ್ಣನನ್ನು ಉಳಿಸಿದನವ್ವಾ ಅಂದಳು. ಮಗು ಕೇಳಿಸಿಕೊಂಡು, ಅಣ್ಣನಿಗೆ ಏನೂ ಆಗಿಲ್ಲವಲ್ಲ ಅಂದಳು. ಅದೂ ನಿಜವೇ. ಆಗದೆ ಉಳಿದ ಸಾವನ್ನು ಯಾರಿಗೂ ತೋರಿಸಲು ಬರುವುದಿಲ್ಲ. ನಾನು ನನ್ನ ನೌಕರಿಯಲ್ಲಿ ಎಷ್ಟು ಜನರನ್ನು ಹೀಗೆ ಇಳಿಸಿದ್ದೇನೆ, ಅವರೆಲ್ಲ ನನ್ನನ್ನು ಅಂಜುಬುರುಕ ಎಂದೇ ಕರೆದರು. ಸಾಹೇಬರುಗಳು ಅಂದದ್ದನ್ನು ಒಂದು ಕಿವಿಯಿಂದ ಕೇಳಿ ಇನ್ನೊಂದರಿಂದ ಬಿಟ್ಟೆ. ಇವಳದನ್ನು ಬಿಡಲು ಆಗುತ್ತಿಲ್ಲ.

ಅವಳು ಮಾಳಿಗೆಗೆ ಹೋಗುವುದನ್ನು ಬಿಟ್ಟಳು. ಹಗ್ಗದ ಆಟವನ್ನೂ ಬಿಟ್ಟಳು. ಬೆಳಿಗ್ಗೆ ಹಕ್ಕಿ ನೋಡೋಣ ಬಾ ಅಂದರೆ ಟಿವಿ ನೋಡುತ್ತೇನೆ ಅನ್ನುತ್ತಾಳೆ. ಎರಡು ಕಾಗೆಗಳು ಮಾತ್ರ ಬಹಳ ದಿನ ಆ ಕಂಬಕ್ಕೆ ಬಂದು, ಬಾಯಲ್ಲಿ ಏನೋ ಹಿಡಿದುಕೊಂಡು ಖಾಲಿ ಅಡ್ಡಪಟ್ಟಿಯ ಮೇಲೆ ಕೂರುತ್ತಿದ್ದವು. ಅದನ್ನು ನಾನೊಬ್ಬನೇ ನೋಡಿದೆ.

ಅನಿಲ ಆಮೇಲೆ ಒಂದು ಸಲ ಬಂದಿದ್ದ. ಕೃತಜ್ಞತೆ ಹೇಳಲು ಬಂದ ಎಂದು ತಿಳಿದೆ. ಅವತ್ತಿನ ವಿಷಯ ಸೆಕ್ಷನ್ನಿನಲ್ಲಿ ಯಾರ ಮುಂದೆಯೂ ಎತ್ತಬೇಡಿ, ಗುತ್ತಿಗೆ ಹೋಗುತ್ತದೆ ಎಂದು ಕೇಳಿಕೊಳ್ಳಲು ಬಂದಿದ್ದ. ಈಗಲೂ ಸರಪಳಿ ಇಲ್ಲದೆಯೇ ಹತ್ತುತ್ತಾನೆ. ನೋಡಪ್ಪಾ ಅನಿಲಾ, ನೀನು ಕೇಳಿದ್ದಕ್ಕೆ ಇದೇ ಉತ್ತರ. ನಮ್ಮ ಕಾಲದಲ್ಲಿ ಕೆಲಸ ಚೆನ್ನಾಗಿರಲಿಲ್ಲ. ಎರಡು ತಂಡಕ್ಕೆ ಒಂದು ಸರಪಳಿ ಇತ್ತು. ನಿಮ್ಮ ಕಾಲದಲ್ಲಿ ಅದೂ ಇಲ್ಲ, ಫೋಟೋ ಇದೆ.

ಮಳೆ ಶುರುವಾಗಿ ಹೊಲಗಳು ಹಸಿರಾದ ಮೇಲೆ ಒಂದು ಭಾನುವಾರ ಹಟ ಮಾಡಿ ಸುಜಾತಾಳನ್ನು ಬಸ್ಸಿನಲ್ಲಿ ಕಮಲಾಪುರಕ್ಕೆ ಕರೆದುಕೊಂಡು ಹೋದೆ. ಹಕ್ಕಿಗಳಿಂದ ನನಗೆ ಹಿತ ಸಿಕ್ಕಿದ್ದ ಜಾಗ ಅದು, ಅವಳಿಗೂ ಸಿಗಬಹುದು ಅನ್ನಿಸಿತ್ತು. ಕೆಂಬಾಳೆ ಹಣ್ಣು ಕೊಡಿಸಿದೆ, ತಿಂದಳು. ಕೆಂಪು ಮಣ್ಣಿನ ದಾರಿಯಲ್ಲಿ ನಡೆಯುತ್ತ, ಮಕ್ಬೂಲ್ ಬುಟ್ಟಿ ಕಟ್ಟಿದ್ದ ಹುಣಸೆ ಮರ ತೋರಿಸಿದೆ. ಅವಳು ಮೇಲೆ ನೋಡಿ, ಬುಟ್ಟಿ ಎಲ್ಲಿ ಎಂದು ಕೇಳಿದಳು. ಬುಟ್ಟಿ ಎಂದೋ ಕೊಳೆತು ಹೋಗಿತ್ತು.

ಅಲ್ಲಿಯೇ ಮುಂದಿನ ತಂತಿಯ ಮೇಲೆ ನೀಲಕಂಠ ಕೂತಿತ್ತು. ನನ್ನ ಎದೆ ಹಗುರಾಯಿತು. ಇಷ್ಟು ವರ್ಷವಾದರೂ ಅದೇ ಜಾಗ, ಅದೇ ಹಕ್ಕಿಯ ಸಂತಾನ. ಅವಳ ಪಕ್ಕದಲ್ಲಿ ಮಂಡಿಯೂರಿ ಕೂತು ಬೆರಳು ತೋರಿಸಿದೆ. ಈಗ ಮಣ್ಣಿನ ಬಣ್ಣ ಕಾಣುತ್ತದೆ, ಹಾರಲಿ ನೋಡು, ಒಳಗೆಲ್ಲ ನೀಲಿ ಇದೆ ಅಂದೆ. ಸುಜಾತಾ ಹಕ್ಕಿಯನ್ನು ನೋಡಿದಳು, ಕಂಬವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಅದಕ್ಕೂ ಇಳಿ ಅನ್ನು, ಮುತ್ಯಾ.”

ಅದು ಒಂದೇ ತಂತಿ ಹಿಡಿದಿದೆ, ಅದಕ್ಕೆ ಏನೂ ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿದೆ. ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ. ನೀಲಕಂಠ ಎದ್ದಿತು. ರೆಕ್ಕೆ ಬಿಚ್ಚಿದಾಗ ಆ ನೀಲಿಯೆಲ್ಲ ಹೊರಗೆ ಬಿತ್ತು, ಕೆಂಪು ಗುಡ್ಡದ ಮೇಲೆ ಹಾದು ಬಾಳೆ ತೋಟದ ಕಡೆ ಹೋಯಿತು. ಕೆಳಗಿನಿಂದಲೂ ಅಷ್ಟು ಚೆನ್ನಾಗಿ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ತಿರುಗಿ ನೋಡಿದರೆ ಸುಜಾತಾ ಹಕ್ಕಿ ಹೋದ ಕಡೆ ನೋಡಿರಲೇ ಇಲ್ಲ. ಕತ್ತೆತ್ತಿ ತಂತಿಯನ್ನು ನೋಡುತ್ತಿದ್ದ ಅವಳು, ಆ ತುದಿಯಿಂದ ಈ ತುದಿಯವರೆಗೆ ಮೇಲೆ ಯಾರೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ನನ್ನ ಕೈ ಹಿಡಿದಳು.